ಅಕ್ಕನ ಗಾಡಿಯ ಕೆಂಪು ವೈರು

ಆಯುಧಪೂಜೆಗೆ ನಮ್ಮ ಕಡೆ ಮೈ ತೊಳೆಸಿಕೊಳ್ಳದ ಗಾಡಿ ಇಲ್ಲ. ಟ್ರ್ಯಾಕ್ಟರಿನಿಂದ ಹಿಡಿದು ಮಕ್ಕಳ ಸೈಕಲ್ಲಿನವರೆಗೆ ಎಲ್ಲಕ್ಕೂ ಸ್ನಾನ, ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಹೊಳೆನರಸೀಪುರದಲ್ಲಿ ಮೋಟಾರಿನ ಬೋರ್ಡು, ಯುಪಿಎಸ್ಸು ರಿಪೇರಿ ಮಾಡಿ ಬದುಕುವ ನಾನು ಆ ವರ್ಷ ಅಕ್ಕನ ಬ್ಯಾಟರಿ ಗಾಡಿಯನ್ನೂ ವಾಟರ್ ಸರ್ವಿಸ್ಸಿಗೆ ಒಯ್ದೆ. "ಒದ್ದೆ ಬಟ್ಟೇಲಿ ಒರ್ಸುದ್ರೆ ಸಾಕು ಕಣ್ಲಾ," ಅಂತ ಅವಳು ಹೇಳಿದ್ದಳು. ವರ್ಷಕ್ಕೊಂದು ಹಬ್ಬ, ಬರೀ ಒರೆಸುವುದೂ ಒಂದು ತೊಳೆಯುವುದಾ ಅಂದುಕೊಂಡು ಸೀಟಿನ ಕೆಳಗೂ ಪೈಪು ಹಿಡಿಸಿದೆ. ಮೋಟಾರನ್ನು ಓಡಿಸುವ ಬೋರ್ಡು, ಅದಕ್ಕೆ ಬ್ಯಾಟರಿಯಿಂದ ಕರೆಂಟು ತರುವ ಕನೆಕ್ಟರು ಇದ್ದದ್ದು ಅಲ್ಲೇ. ಗೊತ್ತಿದ್ದೂ ಹಿಡಿಸಿದೆ.

ಅಕ್ಕನ ಎರಡೂ ಕಾಲು ಚಿಕ್ಕಂದಿನಲ್ಲೇ ಪೋಲಿಯೋಗೆ ಹೋದವು. ತಾಲ್ಲೂಕು ಕಚೇರಿ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಾಳೆ. ನಮ್ಮ ಮನೆ ಹೊಳೆಯ ಆಚೆ. ಮೊದಲೆಲ್ಲ ಅವಳನ್ನು ನಾನು ಎತ್ತಿ ಬೈಕಿನ ಮೇಲೆ ಕೂರಿಸಬೇಕಿತ್ತು, ಎತ್ತಿ ಇಳಿಸಬೇಕಿತ್ತು. ಮೂರು ಚಕ್ರದ ಈ ಗಾಡಿ ಬಂದ ದಿನ ಒಬ್ಬಳೇ ಸೇತುವೆ ದಾಟಿ ಹೋಗಿ ಬಂದು, "ಇನ್ಮ್ಯಾಕೆ ನನ್ನ ಯಾರೂ ಮುಟ್ಟಂಗಿಲ್ಲ ಕಣ್ಲಾ," ಅಂದಿದ್ದಳು. ಅಂಥ ಗೆಲುವನ್ನು ನಾನು ಅವಳ ಮುಖದಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ.

ಹಬ್ಬ ಕಳೆದು ಹದಿನೈದು ದಿನಕ್ಕೆ ಗಾಡಿ ಸೇತುವೆಯ ಏರಿನಲ್ಲಿ ನಿಂತುಬಿಟ್ಟಿತು. ಹಿಂದೆ ಬಸ್ಸು, ಹಾರನ್ನಿನ ಮೇಲೆ ಹಾರನ್ನು. ತೆಂಗಿನಕಾಯಿ ಹೇರಿಕೊಂಡು ಬರುತ್ತಿದ್ದ ಗೂಡ್ಸ್ ಆಟೋದವನು ಇಳಿದು ತಳ್ಳಿಕೊಟ್ಟ. ಸಂಜೆ ಅಕ್ಕ ಅದನ್ನು ಹೇಳುವಾಗ ಬಸ್ಸಿನ ಸುದ್ದಿ ಒಂದೇ ಸಲ ಬಂತು, ತಳ್ಳಿಸಿಕೊಂಡ ಸುದ್ದಿ ಮೂರು ಸಲ.

ನಾನು ಅಚ್ಚಿನ ಕೆಳಗೆ ಇಟ್ಟಿಗೆ ಕೊಟ್ಟು ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿದೆ. ಬೋರ್ಡಿಗೆ ಮೀಟರ್ ಇಟ್ಟರೆ ಐವತ್ತೊಂದು ವೋಲ್ಟ್, ಬ್ಯಾಟರಿಯಲ್ಲಿ ಎಷ್ಟೋ ಅಷ್ಟೇ. ಎಕ್ಸಲೇಟರ್ ತಿರುವಿದರೆ ಚಕ್ರ ಗಿರ್ರನೆ ಸುತ್ತಿತು. ಗಾಳಿಯಲ್ಲಿ ಸುತ್ತುವ ಚಕ್ರಕ್ಕೆ ಎಲ್ಲಿಯ ಭಾರ? ಗಾಡಿಗೆ ಹೂಡದೆ ಎತ್ತಿನ ಬಲ ಹೇಳಿದ ಹಾಗಿತ್ತು ನನ್ನ ಪರೀಕ್ಷೆ. ಕನೆಕ್ಟರ್ ಬಿಚ್ಚಬೇಕಿತ್ತು. ಬಿಚ್ಚಿದರೆ ಏನು ಕಾಣುತ್ತದೋ ಎಂಬ ಅಳುಕಿಗೆ ಬಿಚ್ಚಲಿಲ್ಲ. "ಗಾಡಿ ಸರಿಯಾಗೈತೆ. ನೀನೇ ಎಕ್ಸಲೇಟರ್ನ ಒಂದೇ ಸಲಕ್ಕೆ ತಿರುವ್ತೀಯ, ಅದ್ಕೇ ಕರೆಂಟು ಕಟ್ಟಾಯ್ತದೆ," ಅಂದೆ. ಮಾರನೆಯ ದಿನ ಕಚೇರಿ ಮುಂದೆ ಆ ಆಟೋದವನು ಸಿಕ್ಕಾಗ ಅವನಿಗೂ, ಅಲ್ಲಿ ಟೀ ಕುಡಿಯುತ್ತಿದ್ದವರಿಗೂ ಅದನ್ನೇ ಹೇಳಿದೆ.

ಗಾಡಿ ಮತ್ತೆರಡು ಸಲ ನಿಂತಿತು. ಅದರ ಮುಂದಿನ ಭಾನುವಾರ ಬೆಳಿಗ್ಗೆ ನಾನು ಹೊರಗೆ ಬಂದರೆ ಅಕ್ಕ ಅಂಗಳದಲ್ಲಿ ಗಾಡಿ ಮೇಲೆ ಕೂತಿದ್ದಾಳೆ. ಚಾವಿ ಹಾಕಿಲ್ಲ. ಎಕ್ಸಲೇಟರನ್ನು ಕೂದಲೆಳೆಯಷ್ಟು ತಿರುವುತ್ತಾಳೆ, ಬಿಡುತ್ತಾಳೆ, ಮತ್ತೆ ತಿರುವುತ್ತಾಳೆ. ಅಭ್ಯಾಸ ಮಾಡುತ್ತಿದ್ದಳು! ನನ್ನನ್ನು ಕಂಡು ನಾಚಿಕೊಂಡಳು.

ಗಾಡಿಯ ಮುಂದಿನ ಚಕ್ರವನ್ನು ಜಗಲಿಗೆ ಒತ್ತಿ ನಿಲ್ಲಿಸಿದೆ, ಮೀಟರನ್ನು ಬೋರ್ಡಿಗೆ ಸಿಕ್ಕಿಸಿದೆ, ಚಾವಿ ತಿರುಗಿಸಿ, "ಈಗ ವಸಿ ತಿರುವಕ್ಕ," ಅಂದೆ. ಗಾಡಿ ಜಗಲಿಯನ್ನು ತಳ್ಳಲು ಹೊರಟದ್ದೇ ತಡ ಐವತ್ತೊಂದು ಮೂವತ್ತಾರಕ್ಕೆ ಬಿತ್ತು, ಬೋರ್ಡು ಆರಿತು. ಬ್ಯಾಟರಿ ತುದಿಯಲ್ಲಿ ಮತ್ತೆ ಹಾಗೇ ಮಾಡಿ ನೋಡಿದರೆ ಐವತ್ತರಿಂದ ಕೆಳಗೆ ಇಳಿಯಲೇ ಇಲ್ಲ. ಅಂದರೆ ಕಳ್ಳ ಇದ್ದದ್ದು ಬ್ಯಾಟರಿಯಿಂದ ಬೋರ್ಡಿಗೆ ಬರುವ ದಾರಿಯಲ್ಲಿ. ಕನೆಕ್ಟರ್ ಬಿಚ್ಚಿದೆ. ಕೆಂಪು ವೈರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು, ಸುತ್ತಲಿನ ಪ್ಲಾಸ್ಟಿಕ್ಕು ಕಾದು ಕಂದುಹೋಗಿತ್ತು.

"ನೀರು ಓಗೈತಾ?" ಅಂದಳು ಅಕ್ಕ.

"ನಾನೇ ಪೈಪು ಇಡಿಸ್ದೆ. ಅಬ್ಬಕ್ಕೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ತೀರುತ್ತಿತ್ತು. ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು. "ಕಾಲಿಲ್ಲ ಅಂತ ನಾನು ಯಾವತ್ತೂ ಅಳ್ನಿಲ್ಲ ಕಣ್ಲಾ. ಈಗ ಕೈಯೂ ಓಯ್ತಾ ಅಂತ ಅತ್ತಿವ್ನಿ," ಅಂದಳು. ಆಮೇಲೆ, "ಆ ಆಟೋದೋನ್ಗೂ ಏಳ್ಬುಡು, ನನ್ನ ಕೈದೇನೂ ತಪ್ಪಿಲ್ಲ ಅಂತ," ಅಂದಳು.

ಅವತ್ತೇ ಹಾಸನಕ್ಕೆ ಹೋಗಿ ಹೊಸ ಕನೆಕ್ಟರ್ ತಂದು ಹಾಕಿದೆ. ಸೋಮವಾರ ಅವಳ ಹಿಂದೆಯೇ ಬೈಕಿನಲ್ಲಿ ಹೋದೆ. ಗಾಡಿ ಸೇತುವೆಯ ಏರನ್ನು ಎಲ್ಲೂ ತಡವರಿಸದೆ ಹತ್ತಿತು. ಕಚೇರಿ ಮುಂದೆ ಆಟೋದವನು, ಟೀಯವರು ಎಲ್ಲ ಇದ್ದರು. "ಏನಣ್ಣೋ, ಸಿಕ್ತಾ ಪ್ರಾಬ್ಲಮ್ಮು?" ಅಂದ ಅವನು. ಅಕ್ಕ ಬರೆಯುತ್ತಿದ್ದ ಅರ್ಜಿಯ ಮೇಲೆ ಪೆನ್ನು ನಿಲ್ಲಿಸಿದಳು.

ಅರಕಲಗೂಡು, ಚನ್ನರಾಯಪಟ್ಟಣದಿಂದಲೂ ಜನ ನನ್ನ ಅಂಗಡಿ ಹುಡುಕಿಕೊಂಡು ಬೋರ್ಡು ತರುತ್ತಾರೆ. ನೀರು ಹೊಡೆದು ಮನೆಯ ಗಾಡಿಯನ್ನೇ ಕೆಡಿಸಿದವನು ಅಂತ ಅವರೆಲ್ಲರ ಬಾಯಲ್ಲಿ ಬೀಳಬೇಕೆ? ಅಷ್ಟು ಸಣ್ಣ ಲೆಕ್ಕ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿತು.

"ಕನೆಕ್ಟರ್ರು ಅಳೇದಾಗಿತ್ತು ಬುಡಣ್ಣ, ಬದ್ಲಾಯ್ಸ್ದೆ," ಅಂದೆ.

"ಅಂಗಾರೆ ಅಕ್ಕ ಒಂದೇ ಸಲಕ್ಕೆ ತಿರುವ್ತಾರೆ ಅಂದಿದ್ದೆ?"

"ಅದೂ ವಸಿ ಇತ್ತು ಅನ್ನು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕ ಅರ್ಜಿ ಮುಗಿಸಿ, ಎದುರು ನಿಂತಿದ್ದ ಮುದುಕಿಗೆ ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿ, "ಮುಂದಿನೋರು ಬನ್ನಿ," ಅಂದಳು.