ಎದ್ದು ನಿಂತ ಕುರಿ

"ಏನ ತಂಗಿ, ನೀ ಕುರಿ ಕೊಲ್ಲೂ ಕೆಲಸಾ ಮಾಡ್ತಿಯಂತ, ಖರೇನ?"

ಖಾನಾಪುರದಲ್ಲಿ ಬಾಡಿಗೆಗೆ ಬಂದ ಹೊಸತರಲ್ಲೇ ಮನೆಯೊಡತಿ ಪಾರವ್ವ ಬಾಗಿಲಿಗೆ ಅಡ್ಡ ನಿಂತು ಕೇಳಿದರು. ಕೊರಳಲ್ಲಿ ಲಿಂಗ, ಕಣ್ಣಲ್ಲಿ ಕೆಂಡ. ನಮ್ಮ ಮಂಡ್ಯದಲ್ಲಿ ಮನೆ ಕೊಡುವಾಗ ಜಾತಿ ಕೇಳುತ್ತಾರೆ, ಕೆಲಸವನ್ನು ಇಷ್ಟು ಕೆದಕುವುದಿಲ್ಲ.

ಬೆಳಗಾವಿಯ ಉದ್ಯಮಬಾಗದ ಹತ್ತಿರ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಎದೆಯ ಆಪರೇಷನ್ ನಡೆಯುವಾಗ ಗುಂಡಿಗೆ, ಶ್ವಾಸಕೋಶಗಳ ಕೆಲಸವನ್ನು ಯಂತ್ರ ವಹಿಸಿಕೊಳ್ಳುತ್ತದೆ. ಹಳೆಯ ಪಂಪು ರಕ್ತವನ್ನು ನಲ್ಲಿ ನೀರಿನಂತೆ ಒಂದೇ ಸಮ ಹರಿಸುತ್ತದೆ. ನಮ್ಮದು ಗುಂಡಿಗೆಯಂತೆ ಬಡಿದು ಬಡಿದು ತಳ್ಳುತ್ತದೆ. ಮನುಷ್ಯರಿಗೆ ಹಾಕುವ ಮೊದಲು ಕುರಿಗೆ ಹಾಕಿ ನೋಡಬೇಕು. ಇದನ್ನೆಲ್ಲ ಬಿಡಿಸಿ ಹೇಳಿದೆ. ಗೋಡೆಗೆ ಹೇಳಿದ್ದರೂ ಆಗುತ್ತಿತ್ತು.

"ಮುಂದಿನ ಅಮಾಸಿ ಒಳಗ ಮನಿ ಖಾಲಿ ಮಾಡು," ಎಂದರು.

ಓಣಿಯವರು ನನ್ನನ್ನು 'ಮೇಂಢೀವಾಲಿ' ಎನ್ನತೊಡಗಿದರು. ಮೇಂಢಿ ಅಂದರೆ ಮರಾಠಿಯಲ್ಲಿ ಕುರಿ. ನಳದ ಹತ್ತಿರ ಹೋದರೆ ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. ನನಗೂ ಆ ಊರು ಕಂಡರೆ ಮೈ ಉರಿಯುತ್ತಿತ್ತು. ಬೇರೆ ಮನೆ ಹುಡುಕಿದೆ. ಸುದ್ದಿ ನನಗಿಂತ ಮೊದಲೇ ಹೋಗಿರುತ್ತಿತ್ತು.

ಅಷ್ಟರಲ್ಲಿ ಹತ್ತಿರದ ಗುಂಜಿ ಹಳ್ಳಿಯ ಕಡೆಯಿಂದ ತಂದಿದ್ದ ಒಂದು ಕುರಿ ಪಂಪಿನಿಂದ ಬಿಡಿಸಿದ ಮೇಲೆ ಎದ್ದು ನಿಂತು ಸೊಪ್ಪಿಗೆ ಬಾಯಿ ಹಾಕಿತು. ಅದುವರೆಗೆ ಒಂದು ಕುರಿಯೂ ಎದ್ದಿರಲಿಲ್ಲ. ನನಗೆ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದವಳೇ ಪಾರವ್ವನಿಗೆ ಹೇಳಿದೆ: "ಕುರಿ ಬದುಕಿತು ಅವ್ವ!"

"ಹೌದ? ಬಾ, ಕುಂದರು," ಎಂದು ಮೊದಲ ಸಲ ಒಳಗೆ ಕರೆದರು. ತಾಟಿಗೆ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ಬಂತು. "ಅಮಾಸಿ ಮಾತ ಬಿಡು, ಇಲ್ಲೇ ಇರು. ಅದನ್ನ ಯಾವಾಗ ಹಟ್ಟಿಗೆ ಕಳಸ್ತೀರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕಳಿಸೋ ಹಾಗಿಲ್ಲ ಅವ್ವ. ಪಂಪಿನಿಂದ ಮೂತ್ರಪಿಂಡಕ್ಕೆ ಏನಾಗಿದೆ ಅಂತ ಕೊಯ್ದು ನೋಡಬೇಕು. ನಿದ್ದೆಯಲ್ಲೇ ಹೋಗುತ್ತೆ, ನೋವಾಗಲ್ಲ."

"ಸತ್ತಿದ್ರ ಅದರ ಹಣೇಬಾರ ಅಂತಿದ್ದೆ. ಎಬ್ಬಿಸಿ ನಿಂದ್ರಿಸಿ ಕೊಲ್ತೀರಿ?"

ನನ್ನ ಮುಂದಿನ ತಾಟನ್ನು ಎತ್ತಿಕೊಂಡು ಹೋದರು. ಬಾಯಲ್ಲಿ ತುತ್ತು ಹಾಗೇ ಇತ್ತು. ಅಮಾವಾಸ್ಯೆಗೆ ಮೊದಲೇ ಬೆಳಗಾವಿಯ ಹಾಸ್ಟೆಲೊಂದಕ್ಕೆ ಬಂದೆ. ಏನು ಕೆಲಸವೆಂದು ಅಲ್ಲಿ ಯಾರಿಗೂ ಹೇಳಿಲ್ಲ.

ಕಳೆದ ಸಲ ಮಂಡ್ಯಕ್ಕೆ ಹೋದಾಗ ಅಮ್ಮ ಮುದ್ದೆ ಜೊತೆ ಮಟನ್ ಸಾರು ಮಾಡಿದ್ದಳು. ಕೈ ಹೋಗಲಿಲ್ಲ.

"ಯಾಕವ್ವ, ಆ ಊರ್ ನೀರು ಕುಡ್ದು ನಮ್ಮನೆ ಊಟ ಸೇರ್ದಂಗಾಯ್ತಾ?" ಎಂದು ಅಮ್ಮ ಮುಖ ತಿರುಗಿಸಿದಳು.

ನಾನು ಬರೀ ಮುದ್ದೆಯನ್ನು ಮಜ್ಜಿಗೆಯಲ್ಲಿ ನುಂಗಿ ಎದ್ದೆ. ಬೆಳಗಾವಿಗೆ ಮರಳಿದ ದಿನವೇ ಇನ್ನೊಂದು ಕುರಿಯನ್ನು ಪಂಪಿಗೆ ಸೇರಿಸಿದೆ.