ಗಾಡಿಗೆ ಇಟ್ಟ ಸೇವಂತಿಗೆ

ಪಕ್ಕದ ಮನೆ ಶಾಮಲಾನ ಹೊಗಳಿದ್ರೆ ಅವಳಿಗೆ ಆಗಲ್ಲ. "ಸುಮ್ನಿರು ಪಾಪಕ್ಕ" ಅಂತ ಸೆರಗು ಸಿಕ್ಕಿಸ್ಕೊಂಡು ಎದ್ದು ಹೋಗ್ತಾಳೆ. ನಾನ್ಯಾಕೆ ಸುಮ್ನಿರ್ಲಿ? ದೇವರು ಬಾಯಿ ಕೊಟ್ಟಿರೋದು ಬರೀ ಮುದ್ದೆ ನುಂಗೋಕಾ?

ನಮ್ಮೂರು ದೊಡ್ಡಬಳ್ಳಾಪುರದಿಂದ ಘಾಟಿ ದೇವಸ್ಥಾನಕ್ಕೆ ಹೋಗೋ ದಾರೀಲೈತೆ. ಶಾಮಲಾ ಹೊಸಕೋಟೆ ಕಡೆಯಿಂದ ಸೊಸೆಯಾಗಿ ಬಂದೋಳು. ಗಂಡ ಮುನೀಂದ್ರನಿಗೆ ನೆಲಮಂಗಲದ ಗೋಡೌನಲ್ಲಿ ಕೆಲಸ, ರಾತ್ರಿ ಶಿಫ್ಟು ಮುಗಿಸಿ ಮನೆ ಸೇರೋ ಹೊತ್ತಿಗೆ ಬಿಸಿಲು ಏರಿರ್ತದೆ. ಇರೋ ಒಂದು ತುಂಡು ಹೊಲದಲ್ಲಿ ಅತ್ತೆ-ಸೊಸೆ ಸೇವಂತಿಗೆ ಬೆಳೀತಾರೆ. ಅತ್ತೆ ಅಮ್ಮಯಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ದೊಡ್ಡಬಳ್ಳಾಪುರಕ್ಕೆ ಡಯಾಲಿಸಿಸ್‌ಗೆ ಹೋಗ್ಬೇಕು ಅಂತಾದಾಗ, ಹಳೇ ಕಾರೊಂದು ತಗೊಂಡು ಡ್ರೈವಿಂಗ್ ಕಲಿತೋಳು ಶಾಮಲಾನೇ. ಕಲಿಯೋವಾಗ ನಮ್ಮ ಬೇಲಿ ಮುರಿದ್ಲು. ಊರಿಗೆಲ್ಲ ಕೇಳೋ ಹಂಗೆ ಬೈದೆ. ಒಂದು ಮಾತು ಎದುರಾಡ್ದೆ ಇಳಿದು, ಬೇಲಿ ಕಟ್ಟಿ, ಮತ್ತೆ ಸ್ಟೇರಿಂಗ್ ಹಿಡಿದ್ಲು. ಇವಳು ಬಿಡೋ ಪೈಕಿ ಅಲ್ಲ ಅಂತ ಅವತ್ತೇ ಅಂದ್ಕೊಂಡೆ.

ಹೋದ ಧನುರ್ಮಾಸದಲ್ಲಿ ಆ ಕಾರಿನ ಬ್ಲೋವರ್ ಕೆಟ್ಟೋಯ್ತು. ಬ್ಲೋವರ್ ಅಂದ್ರೆ ಒಳಗಡೆ ಬಿಸಿಗಾಳಿ ಊದೋ ಫ್ಯಾನು. ಒಂದು, ಎರಡು, ಮೂರಕ್ಕೆ ತಿರುಗಿಸಿದ್ರೆ ಉಸಿರೇ ಇಲ್ಲ. ನಾಲ್ಕಕ್ಕೆ ಇಟ್ರೆ ಮಾತ್ರ ಬಿರುಗಾಳಿ. ಮಂಜು ಬೀಳೋ ಬೆಳಿಗ್ಗೆ ಫ್ಯಾನಿಲ್ದೆ ಹೋದ್ರೆ ನಮ್ಮುಸಿರಿಗೇ ಮುಂದಿನ ಗಾಜು ಬೆಳ್ಳಗಾಗಿ ರಸ್ತೆ ಕಾಣಲ್ಲ. ನಾಲ್ಕಕ್ಕೆ ಇಟ್ರೆ ಆ ಬಿಸಿಗಾಳಿಗೆ ಅಮ್ಮಯಮ್ಮನ ಗಂಟಲು ಒಣಗ್ತದೆ. ಡಯಾಲಿಸಿಸ್ ಮಾಡಿಸ್ಕೊಳ್ಳೋರು ಬೇಕಾದಷ್ಟು ನೀರು ಕುಡಿಯೋ ಹಂಗಿಲ್ಲ ಅಲ್ವಾ! ಮುದುಕಿ ನಾಲಿಗೇಲಿ ತುಟಿ ಸವರ್ಕೊಂಡು ಕೂತಿರೋದು ನೋಡೋಕಾಗದೆ ಒಂದಿನ ಶಾಮಲಾ ಫ್ಯಾನ್ ಆಫ್ ಮಾಡಿದ್ಲು. ತಿರುವಲ್ಲಿ ಎದುರಿಗೆ ಲಾರಿ ಬಂದಿದ್ದು ಕಾಣಲೇ ಇಲ್ಲ. ಕೊನೇ ಗಳಿಗೇಲಿ ತಿರುಗಿಸಿದ್ಲು, ಗಾಡಿ ಚರಂಡಿಗೆ ಇಳೀತು. ಸದ್ಯ, ಇಬ್ಬರಿಗೂ ಏನೂ ಆಗ್ಲಿಲ್ಲ.

ಸುದ್ದಿ ಕೇಳಿ ನೆಲಮಂಗಲದಲ್ಲಿರೋ ಅಮ್ಮಯಮ್ಮನ ಮಗಳು ಫೋನಲ್ಲೇ ಅತ್ಲು. "ಅಮ್ಮನ್ನ ಇಲ್ಲಿಗೇ ಕಳಿಸ್ಬಿಡಿ, ಆಸ್ಪತ್ರೆ ಮನೆ ಪಕ್ಕದಲ್ಲೇ ಐತೆ" ಅಂದ್ಲು. ತಪ್ಪೇನಿಲ್ಲ, ಹೆತ್ತ ತಾಯಿ ಅಲ್ವಾ. ಮುನೀಂದ್ರನೂ "ಗಾಡಿ ಸರಿ ಹೋಗ್ದಿದ್ರೆ ಸಂಕ್ರಾಂತಿ ಆದ್ಮೇಲೆ ಕಳಿಸೋದೇ" ಅಂದ. ಅಮ್ಮಯಮ್ಮ ಗೋಡೆ ಕಡೆ ತಿರುಗಿ ಕೂತ್ಲು. "ಅವಳ ಮೂರನೇ ಮಹಡಿ ಮನೇಲಿ ನಾನೇನು ಹೂವು ಬಿಡಿಸ್ಲಾ?" ಅಷ್ಟೇ ಅಂದಿದ್ದು.

ಗ್ಯಾರೇಜಿನೋರು "ಗಾಡಿ ಬಿಟ್ಟೋಗಿ, ಸರದಿ ಬಂದಾಗ ನೋಡ್ತೀವಿ" ಅಂದ್ರು. ಡಯಾಲಿಸಿಸ್ ಅಲ್ಲೀವರೆಗೆ ಕಾಯ್ತದಾ? ಶಾಮಲಾ ಮೊಬೈಲಲ್ಲಿ ವಿಡಿಯೋ ನೋಡಿ ಅಂಗಳದಲ್ಲೇ ಬಿಚ್ಚೋಕೆ ನಿಂತ್ಲು. "ಲೇ, ಇದು ಮಿಕ್ಸಿ ಅಲ್ಲ ಕಣೇ" ಅಂದೆ.

"ನಾಲ್ಕರಲ್ಲಿ ತಿರುಗ್ತದೆ ಅಂದ್ರೆ ಫ್ಯೂಸೂ ಚೆನ್ನಾಗೈತೆ, ಮೋಟಾರೂ ತಿರುಗ್ತೈತೆ ಪಾಪಕ್ಕ. ಮನೆ ಫ್ಯಾನಿಗೆ ರೆಗ್ಯುಲೇಟರ್ ಇದ್ದಂಗೆ ಇದಕ್ಕೆ ರೆಸಿಸ್ಟರ್ ಅಂತ ಒಂದೈತಂತೆ. ನಾಲ್ಕಕ್ಕೆ ಇಟ್ಟಾಗ ಮಾತ್ರ ಕರೆಂಟು ಅದನ್ನ ಬಿಟ್ಟು ನೇರವಾಗಿ ಹೋಗ್ತದೆ. ಸುಟ್ಟಿರೋದು ಅದೇ."

ಬ್ಯಾಟರಿ ವೈರ್ ತೆಗೆದು, ಎಡಗಡೆ ಸೀಟಿನ ಮುಂದಿರೋ ಸಾಮಾನಿಡೋ ಡಬ್ಬಿ ಕಳಚಿ, ತಲೆ ಒಳಗೆ ತೂರಿಸಿ ಮಲಗಿದ್ಲು. ನಾನು ಟಾರ್ಚ್ ಹಿಡಿದೆ. ಎರಡು ಸ್ಕ್ರೂ ಬಿಚ್ಚಿ ಎಳೆದ್ರೆ ಬೆರಳುದ್ದದ ಸಾಮಾನು, ಅದರ ಸುರುಳಿ ತಂತಿ ಕರಕಲಾಗಿ ತುಂಡಾಗಿತ್ತು. ದೊಡ್ಡಬಳ್ಳಾಪುರದ ಅಂಗಡಿಯಿಂದ ಅಂಥದ್ದೇ ಹೊಸದು ತಂದು ಹಾಕಿದ್ಲು. ಒಂದು, ಎರಡು, ಮೂರು, ಎಲ್ಲಾದ್ರಲ್ಲೂ ಊದಿತು! ಅವಳ ಮುಖ ನೀವಾಳಿಸಿ ನೆಟಿಗೆ ಮುರಿದೆ.

ಸಂಕ್ರಾಂತಿ ಇನ್ನೂ ಬಂದಿರ್ಲಿಲ್ಲ, ಮತ್ತೆ ಅದೇ ಕಥೆ. ಹೊಸದೂ ಸುಟ್ಟೋಯ್ತು. ನನಗೆ ಪಿತ್ತ ನೆತ್ತಿಗೇರಿತು. "ಆ ಅಂಗಡಿಯೋನ ಮನೆ ಹಾಳಾಗ, ಡೂಪ್ಲಿಕೇಟ್ ಕೊಟ್ಟವ್ನೆ, ನಡಿ ಹೋಗಿ ಉಗಿದು ಬರೋಣ!" ಅಂದೆ. ಶಾಮಲಾ ಏಳ್ಲಿಲ್ಲ. ಸುಟ್ಟ ಸಾಮಾನು ಅಂಗೈಲಿಟ್ಕೊಂಡು ಕೂತಿದ್ಲು, ಕಣ್ಣಲ್ಲಿ ನೀರು. ಒಳಗೆ ಮುನೀಂದ್ರ ಅಮ್ಮನ ಸೀರೆಗಳನ್ನ ಬ್ಯಾಗಿಗೆ ತುಂಬ್ತಿದ್ದ.

ಶಾಮಲಾ ಮೂಗೊರೆಸ್ಕೊಂಡು, "ಒಂದ್ಸಲ ಸುಟ್ರೆ ಹಳೇದಾಗಿತ್ತು ಅನ್ನಬೌದು. ಹೊಸದೂ ಸುಟ್ರೆ, ಅದನ್ನ ಸುಡ್ತಿರೋದು ಬೇರೆ ಏನೋ ಐತೆ" ಅಂದ್ಲು. ಫ್ಯಾನಿಗೇ ಕೈ ಹಾಕಿ ತಿರುಗಿಸಿ ನೋಡಿದ್ಲು. ಬಿಗಿ. ಒಳಗೆ ಕರಕರ ಸದ್ದು. ಫ್ಯಾನು, ಮೋಟಾರು ಎರಡನ್ನೂ ಕೆಳಗಿಳಿಸಿದ್ಲು.

ಅಯ್ಯೋ ನನ್ನಪ್ಪಾ! ರೆಕ್ಕೆ ತುಂಬ ಒಣಗಿದ ಸೇವಂತಿಗೆ ಎಸಳು, ಕುಂಕುಮದ ಜೊತೆ ಮೆತ್ಕೊಂಡು ಗಟ್ಟಿಯಾಗಿ ಕೂತಿತ್ತು. ಅದನ್ನೆಲ್ಲ ಹೊತ್ತು ತಿರುಗೋಕೆ ಮೋಟಾರು ಒದ್ದಾಡಿ, ಜಾಸ್ತಿ ಕರೆಂಟು ಎಳೆದು, ಆ ರೆಸಿಸ್ಟರ್ ಸುಡ್ತಿತ್ತು.

ನನಗೆ ತಕ್ಷಣ ಹೊಳೀತು. ಆಸ್ಪತ್ರೆಗೆ ಹೊರಡೋ ದಿನ ಅಮ್ಮಯಮ್ಮ ತಾನೇ ಬಿಡಿಸಿದ ಹೂವು ಒಂದು ಬೊಗಸೆ ತಂದು, ಮುಂದಿನ ಗಾಜಿನ ಹೊರಗಡೆ ಬುಡದಲ್ಲಿ ಇಟ್ಟು, ಕುಂಕುಮ ಹಾಕಿ, ಕೈ ಮುಗಿದೇ ಗಾಡಿ ಹತ್ತೋದು. ಅಲ್ಲಿರೋ ಜಾಲರಿಯಿಂದಲೇ ಫ್ಯಾನಿಗೆ ಗಾಳಿ ಹೋಗೋದು. ಹಳೇ ಗಾಡಿ, ತಡೆಯೋಕೆ ಫಿಲ್ಟರೂ ಇಲ್ಲ. "ನಿಮ್ಮತ್ತೇನೇ ಕಣೇ..." ಅಂತ ಬಾಯಿ ತೆಗೆದೆ. ಶಾಮಲಾ ಮಸಿ ಕೈಯಲ್ಲೇ ನನ್ನ ಬಾಯಿ ಮುಚ್ಚಿದ್ಲು.

"ನಿನ್ನ ಕಾಲಿಗೆ ಬೀಳ್ತೀನಿ ಪಾಪಕ್ಕ. ತನ್ನಿಂದ ಆಗಿದ್ದು ಅಂತ ಗೊತ್ತಾದ್ರೆ ಇವತ್ತೇ ಬ್ಯಾಗ್ ಹಿಡ್ಕೊಂಡು ಹೊರಟುಬಿಡ್ತಾರೆ."

ನಾನು ಹೋಗಿ ಮೊರ ತಂದ್ಕೊಟ್ಟೆ. ದೇವರ ಹೂವು ತುಳೀಬಾರ್ದು ಅಂತ ಅವಳು ಎಸಳನ್ನೆಲ್ಲ ಮೊರದಲ್ಲಿ ಬಳಿದು ತುಳಸಿ ಬುಡಕ್ಕೆ ಹಾಕಿದ್ಲು. ಫ್ಯಾನು ಉಜ್ಜಿ, ಇನ್ನೊಂದು ರೆಸಿಸ್ಟರ್ ತಂದು ಕೂರಿಸಿದ್ಲು. ಈ ಸಲ ಫ್ಯಾನು ಸದ್ದೇ ಇಲ್ಲದಂಗೆ ತಿರುಗಿತು. ಆಮೇಲೆ ಏನೂ ಆಗಿಲ್ಲ ಅನ್ನೋ ಹಂಗೆ ಒಳಗೆ ಹೋಗಿ, "ಅತ್ತೆ, ಹೂವು ಹೊರಗಿಟ್ರೆ ರಸ್ತೇಲಿ ಬಿದ್ದು ಚಕ್ರಕ್ಕೆ ಸಿಗ್ತದೆ. ಇನ್ಮೇಲೆ ಒಳಗಿಡಿ" ಅಂದ್ಲು. ಅಮ್ಮಯಮ್ಮ "ಹೂಂ" ಅಂದ್ಲು, ಅಷ್ಟೇ.

ಮುಂದಿನ ಆಸ್ಪತ್ರೆ ದಿನ ನಾನು ಬೇಲಿ ಹತ್ರಾನೇ ನಿಂತಿದ್ದೆ. ಒಳ್ಳೇ ಮಂಜು. ಅಮ್ಮಯಮ್ಮ ಕೋಲೂರ್ಕೊಂಡು ಬಂದ್ಲು. ಕೈಲಿ ಬಿಡಿ ಹೂವಲ್ಲ, ಒಂದು ಮೊಳ ಕಟ್ಟಿದ ಸೇವಂತಿಗೆ. ಡ್ರೈವರ್ ಸೀಟಿನ ಬಾಗಿಲು ತೆಗೆದು, "ತಿರುಗವ್ವ ಈ ಕಡೆ" ಅಂತ ಶಾಮಲಾನ ಜಡೆಗೆ ಮುಡಿಸಿದ್ಲು.

"ಅತ್ತೆ, ಗಾಡಿಗೆ?"

"ತುಳಸಿ ಬುಡದಲ್ಲಿ ಕುಂಕುಮ ಮೆತ್ತಿದ ಎಸಳು ನೋಡ್ದೆ ಕಣವ್ವ, ನಾನು ಗಾಡಿಗಿಟ್ಟಿದ್ದೇ. ಇಷ್ಟು ದಿನ ಗಾಡಿ ನನ್ನ ಕರ್ಕೊಂಡೋಗ್ತದೆ ಅಂತ ಅದಕ್ಕೆ ಇಡ್ತಿದ್ದೆ. ಕರ್ಕೊಂಡೋಗೋಳು ನೀನಲ್ವಾ."

ಶಾಮಲಾ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ಲು. ನನಗೂ ಅಳು ಬಂತು, ಸುಳ್ಯಾಕೆ. ಅಮ್ಮಯಮ್ಮ ಮಾತ್ರ ಆ ಕಡೆಯಿಂದ ಹತ್ತಿ ಕೂತು, ಶಾಲು ಹೊದ್ಕೊಂಡು, "ಫ್ಯಾನು ಒಂದಕ್ಕಿಡವ್ವ, ಹೊತ್ತಾಯ್ತು" ಅಂದ್ಲು.