ಹರಳಿನ ಲೆಕ್ಕದ ಮಾಸ್ತರರು

“ಕಲ್ಯಾಣಿಯಿಂದ ಬಂದ ಆ ಹೊಸ ಮಾಸ್ತರಗ ಉರ್ದು ಬರ್ತಿದ್ದಿಲ್ಲ. ತಪಾಸಣಿ ಸಾಹೇಬ್ರ ಮುಂದ ಕಂಬದಂಗ ನಿಂತುಬಿಟ್ರು.”

ಹುಮನಾಬಾದಿನಲ್ಲಿ ಇಂದಿಗೂ ಹೀಗೆಯೇ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರೂ ಆ ಕೋಣೆಯೊಳಗೆ ಇದ್ದವರಲ್ಲ. ನಾನಿದ್ದೆ.

ಅದು ನಿಜಾಮರ ಕಾಲ. ನಮ್ಮ ಸರ್ಕಾರಿ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲೇ ನಡೆಯಬೇಕೆಂಬ ಕಟ್ಟಳೆಯಿತ್ತು. ಕುರಿ ಕಾಯುತ್ತಿದ್ದ ನಾನು ಮೀಸೆ ಮೂಡುವ ವಯಸ್ಸಿನಲ್ಲಿ ಅಲ್ಲಿ ಸೇರಿ, ಒಂದೇ ವರ್ಷ ಕಲಿತೆ. ಮುಂದಿನದನ್ನೆಲ್ಲ ನಾನೇ ಓದಿಕೊಂಡೆ.

ಕೆಲಸಕ್ಕೆ ಹಾಜರಾದ ಮೊದಲ ದಿನ ಮಾಸ್ತರರು ನಿರರ್ಗಳವಾದ ಉರ್ದುವಿನಲ್ಲಿ ಒಂದು ತಾಸು ಗುಣಾಕಾರ ಬೋಧಿಸಿದರು. ಶಾಲೆಯಲ್ಲಿ ಏನು ಕೇಳಿದರೂ “ಜೀ”, ಅಂದರೆ ಹೌದು, ಎನ್ನಬೇಕೆಂದು ಮನೆಯಲ್ಲಿ ಹೇಳಿ ಕಳಿಸಿದ್ದರು. ನಾವು ಎಲ್ಲದಕ್ಕೂ “ಜೀ” ಎಂದೆವು. ಅನುಮಾನ ಬಂದ ಮಾಸ್ತರರು ಅದೇ ಧಾಟಿಯಲ್ಲಿ ಇನ್ನೇನೋ ಕೇಳಿದರು. “ಜೀ,” ಎಂದೆವು, ಒಕ್ಕೊರಲಿನಿಂದ.

ಅವರು ಪುಸ್ತಕ ಮುಚ್ಚಿದರು. “ನೀವೆಲ್ಲಾ ಕತ್ತೆಗೋಳೇನು ಅಂತ ಕೇಳೀನಿ ನಾ,” ಎಂದರು ಕನ್ನಡದಲ್ಲಿ. ನಮಗಿಂತ ಮೊದಲು ಅವರೇ ನಕ್ಕರು. ಆಮೇಲೆ ನನ್ನ ಹೆಗಲ ಮೇಲಿನ ಕುರಿಗಾರರ ಕಂಬಳಿ ನೋಡಿ ನನ್ನತ್ತ ತಿರುಗಿದರು.

“ಕುರಿ ಹ್ಯಾಂಗ ಎಣಸ್ತಿಯೋ ತಮ್ಮಾ?”

“ಇಪ್ಪತ್ತಕ್ಕೊಂದು ಹರಳ ಉಡಿಯಾಗ ಹಾಕ್ಕೋತೀನ್ರಿ. ಉಳಿದದ್ದು ಬೆರಳಾಗ.”

“ತಪ್ಪಿದ್ರ?”

“ಅಪ್ಪ ಊಟಾ ಹಾಕಂಗಿಲ್ರಿ.”

“ಹಂಗಾದ್ರ ನನಗಿಂತ ನಿಮ್ಮಪ್ಪನೇ ಚಲೋ ಮಾಸ್ತರ.”

ಮರುದಿನದಿಂದ ಮೇಜಿನ ಮೇಲೆ ಹರಳುಗಳು ಬಂದವು. ದೊಡ್ಡ ಹರಳು ಇಪ್ಪತ್ತು, ಸಣ್ಣದು ಒಂದು. ವಿವರಣೆ ಕನ್ನಡದಲ್ಲಿ, ಉತ್ತರ ಮಾತ್ರ ಉರ್ದುವಿನಲ್ಲಿ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಎಚ್ಚರಿಸಿದ್ದನ್ನು ನಾವೆಲ್ಲ ಕೇಳಿದೆವು: “ಮಾಸ್ತರ್ರೆ, ತಪಾಸಣಿ ದಿನ ಸಾಹೇಬ್ರ ಕಿವಿಗೆ ಕನ್ನಡ ಬಿದ್ರ ನಿಮ್ಮ ನೌಕರಿ ಕಾಯಂ ಆಗಂಗಿಲ್ರಿ.”

ಆ ದಿನ ಬಂತು. ಸಾಹೇಬರು ನನ್ನನ್ನು ಎಬ್ಬಿಸಿ, ಆರು ದಡ್ಡಿಗಳಲ್ಲಿ ತಲಾ ಇಪ್ಪತ್ತನಾಲ್ಕು ಕುರಿಗಳಿದ್ದರೆ ಒಟ್ಟು ಎಷ್ಟೆಂದು ಉರ್ದುವಿನಲ್ಲಿ ಕೇಳಿದರು. ಆಗ ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಮಾಸ್ತರರು ಕನ್ನಡದಲ್ಲಿ ಹೇಳಿದ್ದರೆ ನೌಕರಿ ಹೋಗುತ್ತಿತ್ತು. ಉರ್ದುವಿನಲ್ಲಿ ಹೇಳಿದ್ದರೆ ನಾನು “ಜೀ” ಎನ್ನುತ್ತಿದ್ದೆ. ಅವರು ತುಟಿ ಬಿಚ್ಚಲಿಲ್ಲ. ಆರು ದೊಡ್ಡ ಹರಳುಗಳನ್ನು ಸಾಲಾಗಿಟ್ಟು, ಒಂದೊಂದರ ಪಕ್ಕಕ್ಕೂ ನಾಲ್ಕು ಸಣ್ಣವನ್ನು ಇಟ್ಟರು.

“ಏಕ್ ಸೌ ಚವ್ವಾಲೀಸ್,” ಎಂದೆ. ನೂರಾ ನಲವತ್ತನಾಲ್ಕು.

ನಿಮಗೇಕೆ ಮಾತಿಲ್ಲ ಎಂದು ಸಾಹೇಬರು ಅವರನ್ನು ಕೇಳಿದರು. ಪ್ರಶ್ನೆ ಹುಡುಗನಿಗೆ ತಾನೆ, ಹುಜೂರ್, ಎಂದು ಮಾಸ್ತರರು ಅಚ್ಚ ಉರ್ದುವಿನಲ್ಲಿ ಉತ್ತರಿಸಿದರು. ಅಷ್ಟರಲ್ಲಿ ಕಿಟಕಿಯಲ್ಲಿ ಇಣುಕುತ್ತಿದ್ದವರು ಮಾಸ್ತರರು ಮೂಕರಾದ ಸುದ್ದಿ ಹೊತ್ತು ಬಜಾರು ಸೇರಿಯಾಗಿತ್ತು.

ನನ್ನ ಮಾತನ್ನು ನಂಬಬೇಕಾಗಿಲ್ಲ. ಆ ವರ್ಷದ ತಪಾಸಣೆ ಪುಸ್ತಕ ಶಾಲೆಯ ಕಪಾಟಿನಲ್ಲಿ ಇನ್ನೂ ಇದೆ. ಉರ್ದು ಬಲ್ಲವರನ್ನು ಕರೆದೊಯ್ದು ಓದಿಸಿ. ಹುಡುಗನ ಉತ್ತರ ಸರಿಯಿತ್ತೆಂದೂ, ಮಾಸ್ತರರ ಉರ್ದು ಶುದ್ಧವೆಂದೂ, ನೌಕರಿ ಕಾಯಂ ಮಾಡಬಹುದೆಂದೂ ಸಾಹೇಬರು ಬರೆದಿದ್ದಾರೆ. ಅದರ ಕೆಳಗೆ ಮಾಸ್ತರರ ರುಜು ಇದೆ, ಕನ್ನಡದಲ್ಲಿ.